ಹೊಸ್ತಿಲಲ್ಲಿ ಒಂದು ಪ್ರಶ್ನೆ

(ಬಾನುಲಿ ಭಾಷಣದ ಪಠ್ಯ)



ನಮ್ಮ ದಿನನಿತ್ಯದ ಎಷ್ಟೋ ನಿರ್ಧಾರಗಳು ನಿರ್ಧಾರಗಳೆಂದು ನಮಗೆ ತೋರುವುದೇ ಇಲ್ಲ. ಕಂಪ್ಯೂಟರಿನ ತೆರೆಯ ಮೇಲೆ ಒಂದು ಪುಟ್ಟ ಚಿತ್ರವಿರುತ್ತದೆ. ಅದರ ಮೇಲೆ ಮೌಸಿನ ಬಾಣವನ್ನಿರಿಸಿ ಎರಡು ಬಾರಿ ಒತ್ತಿದರೆ ಅದು ‘ತೆರೆಯುತ್ತದೆ’. ಪತ್ರವೂ ಹೀಗೆಯೇ ತೆರೆಯುತ್ತದೆ, ಛಾಯಾಚಿತ್ರವೂ ಹೀಗೆಯೇ ತೆರೆಯುತ್ತದೆ, ಹಾಡೂ ಹೀಗೆಯೇ. ಆದರೆ ‘ತೆರೆ’ ಎಂಬ ಈ ಒಂದೇ ಕ್ರಿಯಾಪದದ ಹಿಂದೆ ಎರಡು ಬೇರೆ ಬೇರೆ ಕ್ರಿಯೆಗಳು ಅಡಗಿವೆ. ಪತ್ರವನ್ನು ತೆರೆಯುವುದೆಂದರೆ ಅದನ್ನು ಓದುವುದು. ಸ್ಥಾಪಕ ಕಡತವನ್ನು, ಎಂದರೆ ಇನ್‌ಸ್ಟಾಲರನ್ನು ತೆರೆಯುವುದೆಂದರೆ ಅದು ಹೇಳಿದಂತೆ ನಡೆಯುವುದು. ಮೊದಲನೆಯದರಲ್ಲಿ ನಾವು ಯಜಮಾನರು. ಎರಡನೆಯದರಲ್ಲಿ, ಸ್ವಲ್ಪ ಹೊತ್ತಿನ ಮಟ್ಟಿಗಾದರೂ, ಆ ಕಡತವೇ ಯಜಮಾನ.

ಇಂದಿನ ನನ್ನ ಮಾತು ಈ ಎರಡನೆಯ ಬಗೆಯ ತೆರೆಯುವಿಕೆಯನ್ನು ಕುರಿತದ್ದು. ಅದರಲ್ಲೂ ಒಂದು ವಿಶೇಷ ಸಂದರ್ಭವನ್ನು ಕುರಿತದ್ದು. ವಿಂಡೋಸ್ ಎಂಬ ಕಾರ್ಯಾಚರಣ ವ್ಯವಸ್ಥೆಗಾಗಿ ಸಿದ್ಧಪಡಿಸಿದ ಸ್ಥಾಪಕವೊಂದು ಲಿನಕ್ಸ್ ವ್ಯವಸ್ಥೆಯ ಕಂಪ್ಯೂಟರಿಗೆ ಬಂದು ಸೇರುತ್ತದೆ ಎನ್ನಿ. ಲಿನಕ್ಸಿನ ಮಟ್ಟಿಗೆ ಅದು ಹೊರನಾಡಿನದು. ಅದರ ನುಡಿಯೂ ಬೇರೆ, ನಡೆಯೂ ಬೇರೆ. ಬಳಕೆದಾರನು ಫೈಲ್ ಮ್ಯಾನೇಜರಿನಲ್ಲಿ, ಅಂದರೆ ಕಡತಗಳನ್ನು ಸಾಲಾಗಿ ಜೋಡಿಸಿ ತೋರಿಸುವ ಆ ಕಿಟಕಿಯಲ್ಲಿ, ಅದನ್ನು ಕಂಡು ಎರಡು ಬಾರಿ ಒತ್ತುತ್ತಾನೆ. ಆಮೇಲೆ ನಡೆಯುವುದೇನು? ಯಾರು ಯಾರನ್ನು ವಿಚಾರಿಸುತ್ತಾರೆ? ಯಾರು ವಿಚಾರಿಸದೆಯೇ ಒಳಗೆ ಬಿಡುತ್ತಾರೆ? ಇವು ಯಂತ್ರಜ್ಞರಿಗೆ ಮಾತ್ರ ಸೇರಿದ ಪ್ರಶ್ನೆಗಳೆಂದು ನನಗೆ ಅನ್ನಿಸುವುದಿಲ್ಲ. ಈ ವಿಷಯಕ್ಕೂ ಕನ್ನಡದ ಬರವಣಿಗೆಗೂ ಒಂದು ನಂಟಿದೆ. ಅದನ್ನು ಕೊನೆಯ ಭಾಗದಲ್ಲಿ ಹೇಳುತ್ತೇನೆ.

ಮೊದಲು ಸ್ಥಾಪಕವೆಂದರೇನೆಂದು ನೋಡೋಣ. ಅದೊಂದು ಗಂಟು. ಅದರೊಳಗೆ ತಂತ್ರಾಂಶವೂ ಇರುತ್ತದೆ, ಆ ತಂತ್ರಾಂಶವನ್ನು ಎಲ್ಲೆಲ್ಲಿ ಇರಿಸಬೇಕು, ಏನೇನನ್ನು ಬದಲಿಸಬೇಕು ಎಂಬ ಸೂಚನೆಗಳೂ ಇರುತ್ತವೆ. ವಿಂಡೋಸಿನ ಸ್ಥಾಪಕಗಳಲ್ಲಿ ಮುಖ್ಯವಾಗಿ ಎರಡು ಜಾತಿ. ‘ಇಎಕ್ಸ್‌ಇ’ ಎಂಬ ಬಾಲವುಳ್ಳದ್ದು ಸ್ವತಃ ಒಂದು ಪ್ರೋಗ್ರಾಮು. ಅದು ತನ್ನ ಹತಾರಗಳನ್ನು ತಾನೇ ಹೊತ್ತು ತರುವ ಗಾರೆಯವನಂತೆ. ‘ಎಂಎಸ್‌ಐ’ ಎಂಬ ಬಾಲವುಳ್ಳದ್ದು 1999ರಲ್ಲಿ, ಮೈಕ್ರೋಸಾಫ್ಟ್ ಕಂಪನಿಯ ಆಫೀಸ್ 2000 ಎಂಬ ತಂತ್ರಾಂಶದ ಜೊತೆಗೆ ಬಂದ ಪದ್ಧತಿ. ಅದು ತಾನಾಗಿ ನಡೆಯುವ ಪ್ರೋಗ್ರಾಮಲ್ಲ. ಕೋಷ್ಟಕಗಳಿಂದ ಕೂಡಿದ ಒಂದು ದತ್ತಸಂಗ್ರಹ. ಯಾವ ಕಡತ ಎಲ್ಲಿಗೆ ಹೋಗಬೇಕು, ಯಾವ ದಾಖಲೆ ಬದಲಾಗಬೇಕು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ವ್ಯವಸ್ಥೆಯಲ್ಲೇ ಇರುವ ಬೇರೊಂದು ಪ್ರೋಗ್ರಾಮು ಆ ನಕ್ಷೆಯನ್ನು ಓದಿ ಕಟ್ಟಡ ಕಟ್ಟುತ್ತದೆ. ಆದರೆ ಆ ನಕ್ಷೆಯ ನಡುವೆ ‘ಈ ಹಂತದಲ್ಲಿ ನನ್ನ ಈ ಆಜ್ಞೆಯನ್ನೂ ನಡೆಸು’ ಎಂದು ಬರೆಯಲು ಅವಕಾಶವಿದೆ. ಆದುದರಿಂದ ಕಾಗದವೆಂದು ಕಾಣುವ ಎಂಎಸ್‌ಐ ಕೂಡ ನಿರಪಾಯಕಾರಿಯಲ್ಲ.

ಇಂಥದೊಂದು ಕಡತ ಎದುರಿಗೆ ಬಂದಾಗ ಫೈಲ್ ಮ್ಯಾನೇಜರು ಅದನ್ನು ಗುರುತಿಸುವುದು ಹೇಗೆ? ಮನುಷ್ಯರನ್ನು ನಾವು ಗುರುತಿಸುವಂತೆಯೇ: ಹೆಸರಿನಿಂದ, ಇಲ್ಲವೇ ಮುಖದಿಂದ. ಕಡತದ ಹೆಸರಿನ ಕೊನೆಯ ಅಕ್ಷರಗಳು ಅದರ ಮನೆತನದ ಹೆಸರಿದ್ದಂತೆ. ಆದರೆ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದಷ್ಟೆ. ‘ಹೆಸರು ಕ್ಷೀರಸಾಗರ ಭಟ್ಟ’ ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ಆದುದರಿಂದ ಕಡತದ ಮುಖವನ್ನೂ ನೋಡುವ ಪದ್ಧತಿ ಯೂನಿಕ್ಸ್ ಪರಂಪರೆಯಲ್ಲಿ ಮೊದಲಿನಿಂದಲೂ ಬಂದಿದೆ. ಮುಖವೆಂದರೆ ಕಡತದ ಮೊದಲ ಕೆಲವು ಬೈಟುಗಳು. ವಿಂಡೋಸಿನ ಪ್ರತಿಯೊಂದು ಇಎಕ್ಸ್‌ಇ ಕಡತವೂ ‘ಎಂ’ ಮತ್ತು ‘ಜೆಡ್’ ಎಂಬ ಎರಡು ರೋಮನ್ ಅಕ್ಷರಗಳಿಂದ ಆರಂಭವಾಗುತ್ತದೆ. ಅವು ಮಾರ್ಕ್ ಜ್ಬಿಕೋವ್‌ಸ್ಕಿ ಎಂಬ ಎಂಜಿನಿಯರರ ಹೆಸರಿನ ಮೊದಲಕ್ಷರಗಳು. ಡಾಸ್ ವ್ಯವಸ್ಥೆಯ ಕಾಲದಲ್ಲಿ ಅವರು ಆ ಕಡತದ ರೂಪವನ್ನು ವಿನ್ಯಾಸಗೊಳಿಸಿದರು. ಇಂದಿಗೂ ಜಗತ್ತಿನ ಅಸಂಖ್ಯಾತ ಪ್ರೋಗ್ರಾಮುಗಳು ಅವರ ರುಜುವನ್ನು ಹಣೆಯಲ್ಲಿ ಹೊತ್ತು ತಿರುಗುತ್ತಿವೆ. ಲಿನಕ್ಸಿನ ಸ್ವಂತ ಪ್ರೋಗ್ರಾಮುಗಳ ಹಣೆಯಲ್ಲಿ ‘ಇ’, ‘ಎಲ್’, ‘ಎಫ್’ ಎಂಬ ಅಕ್ಷರಗಳಿರುತ್ತವೆ.

ಎಂಎಸ್‌ಐ ಕಡತದ ವಿಷಯ ಇನ್ನೂ ಸ್ವಾರಸ್ಯವಾದದ್ದು. ಅದರ ಮೊದಲ ಬೈಟುಗಳೂ ಹಳೆಯ ವರ್ಡ್ ದಾಖಲೆಯ ಮೊದಲ ಬೈಟುಗಳೂ ಒಂದೇ. ಎರಡೂ ಒಂದೇ ಬಗೆಯ ಪೆಟ್ಟಿಗೆಯಲ್ಲಿ ತುಂಬಿದ ಸರಕು. ಬರಿಯ ಮುಖ ನೋಡಿದರೆ ಇದು ಪತ್ರವೋ ಸ್ಥಾಪಕವೋ ತಿಳಿಯುವುದಿಲ್ಲ. ಹೆಸರನ್ನು ನೋಡಬೇಕು, ಇಲ್ಲವೇ ಪೆಟ್ಟಿಗೆಯೊಳಗೆ ಇಣುಕಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬುದು ಇಲ್ಲಿ ಅಕ್ಷರಶಃ ನಿಜ. ಲಿನಕ್ಸಿನ ಫೈಲ್ ಮ್ಯಾನೇಜರುಗಳು, ಗ್ನೋಮ್‌ನ ಫೈಲ್ಸ್ ಆಗಲಿ, ಕೆಡಿಇಯ ಡಾಲ್ಫಿನ್ ಆಗಲಿ, ಹೆಸರು ಮತ್ತು ಮುಖ ಎರಡರ ಲಕ್ಷಣಗಳನ್ನೂ ಬರೆದಿಟ್ಟ ಒಂದು ಸಮಾನವಾದ ಪಟ್ಟಿಯನ್ನು ಆಶ್ರಯಿಸುತ್ತವೆ. ಪ್ರತಿಯೊಂದು ಜಾತಿಗೂ ಆ ಪಟ್ಟಿಯಲ್ಲಿ ಒಂದು ಹೆಸರಿದೆ. ಆ ಹೆಸರಿಡುವ ಕ್ರಮ 1992ರಲ್ಲಿ ಮಿಂಚಂಚೆಯ ಲಗತ್ತುಗಳನ್ನು ವಿವರಿಸಲೆಂದು ರೂಪುಗೊಂಡ ‘ಮೈಮ್’ ಎಂಬ ಒಪ್ಪಂದದಿಂದ ಬಂದದ್ದು.

ಜಾತಿ ತಿಳಿದ ಮೇಲೆ ಫೈಲ್ ಮ್ಯಾನೇಜರು ಕೇಳುವ ಪ್ರಶ್ನೆ ಒಂದೇ: ಈ ಜಾತಿಯ ಕಡತವನ್ನು ಒಪ್ಪಿಸಿಕೊಳ್ಳುವವರು ಯಾರಾದರೂ ಇದ್ದಾರೆಯೇ? ಪ್ರತಿಯೊಂದು ಪ್ರೋಗ್ರಾಮೂ ತಾನು ಯಾವ ಯಾವ ಜಾತಿಗಳನ್ನು ತೆರೆಯಬಲ್ಲೆನೆಂದು ಮೊದಲೇ ಬರೆದು ಕೊಟ್ಟಿರುತ್ತದೆ. ಯಾರೂ ಇಲ್ಲವಾದರೆ, ‘ಡಾಸ್ ಅಥವಾ ವಿಂಡೋಸ್ ಪ್ರೋಗ್ರಾಮುಗಳನ್ನು ತೆರೆಯುವ ಅನ್ವಯ ಇಲ್ಲಿಲ್ಲ’ ಎಂಬರ್ಥದ ಮಾತನ್ನು ಹೇಳಿ ಅದು ಸುಮ್ಮನಾಗುತ್ತದೆ. ಕೆಲವೊಮ್ಮೆ ಗಂಟು ಬಿಚ್ಚುವ ಪ್ರೋಗ್ರಾಮೊಂದು ಮುಂದೆ ಬಂದು, ಸ್ಥಾಪಕವನ್ನು ಒಂದು ಸಂಗ್ರಹವೆಂದು ಭಾವಿಸಿ ಬಿಚ್ಚಲು ಹೊರಟು ಎಡವುವುದೂ ಉಂಟು. ಹೊಸ ಬಳಕೆದಾರರು ಇದನ್ನು ದೋಷವೆಂದು ತಿಳಿದು ಬೇಸರಪಡುತ್ತಾರೆ. ನಿಜವಾಗಿ ಇದು ದೋಷವಲ್ಲ. ಬಾಗಿಲಲ್ಲಿ ನಿಂತವರ ಭಾಷೆ ಮನೆಯವರಿಗೆ ತಿಳಿಯುವುದಿಲ್ಲ, ಅಷ್ಟೆ.

ಆ ಭಾಷೆ ಬಲ್ಲ ದುಭಾಷಿಯೊಬ್ಬನುಂಟು. ಅವನ ಹೆಸರು ವೈನ್. 1993ರಲ್ಲಿ ಬಾಬ್ ಆಮ್‌ಸ್ಟಾಡ್ ಮತ್ತು ಎರಿಕ್ ಯಂಗ್‌ಡೇಲ್ ಎಂಬವರು ಆರಂಭಿಸಿದ ಯೋಜನೆಯಿದು. 1994ರಿಂದ ಅಲೆಕ್ಸಾಂಡ್ರ್ ಜೂಲಿಯಾರ್ ಅದರ ಹೊಣೆ ಹೊತ್ತಿದ್ದಾರೆ. ಮೊದಲ ಪೂರ್ಣ ಆವೃತ್ತಿ, 1.0 ಎಂಬುದು, ಹೊರಬಂದದ್ದು 2008ರ ಜೂನ್ ತಿಂಗಳಲ್ಲಿ. ಅಂದರೆ 15 ವರ್ಷಗಳ ತಪಸ್ಸಿನ ಬಳಿಕ. ‘ವೈನ್ ಈಸ್ ನಾಟ್ ಆನ್ ಎಮ್ಯುಲೇಟರ್’, ತಾನು ಅನುಕರಣಯಂತ್ರವಲ್ಲ, ಎಂಬುದು ಆ ಹೆಸರಿನ ವಿಸ್ತರಣೆ. ‘ಅಳಿಯ ಅಲ್ಲ, ಮಗಳ ಗಂಡ’ ಎಂದಂತಾಯಿತಲ್ಲ ಎಂದು ತಾವು ನಗಬಹುದು. ಆದರೆ ಇಲ್ಲಿ ನಿಜವಾದ ವ್ಯತ್ಯಾಸವಿದೆ. ಅನುಕರಣಯಂತ್ರವು ಕಂಪ್ಯೂಟರಿನೊಳಗೆ ಮತ್ತೊಂದು ಕಂಪ್ಯೂಟರನ್ನು ನಟಿಸಿ ತೋರಿಸುತ್ತದೆ. ವೈನ್ ಹಾಗೆ ಮಾಡುವುದಿಲ್ಲ. ವಿಂಡೋಸಿನ ಪ್ರೋಗ್ರಾಮು ‘ಒಂದು ಕಿಟಕಿ ತೆರೆ’, ‘ಒಂದು ಕಡತ ಬರೆ’ ಎಂದು ಕೇಳಿದಾಗ ಆ ಬೇಡಿಕೆಯನ್ನು ಲಿನಕ್ಸಿಗೆ ತಿಳಿಯುವ ಬೇಡಿಕೆಯನ್ನಾಗಿ ಮಾರ್ಪಡಿಸಿ ನೆರವೇರಿಸುತ್ತದೆ. ಇದು ಅಸಾಧಾರಣವಾದ ಸಾಧನೆ. 2018ರಲ್ಲಿ ವಾಲ್ವ್ ಕಂಪನಿಯು ಪ್ರೋಟಾನ್ ಎಂಬ ಹೆಸರಿನಲ್ಲಿ ಇದನ್ನೇ ಆಧಾರವಾಗಿಟ್ಟುಕೊಂಡು ವಿಂಡೋಸಿನ ಆಟಗಳನ್ನು ಲಿನಕ್ಸಿನಲ್ಲಿ ಆಡುವಂತೆ ಮಾಡಿತು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರುತ್ತೇನೆ. ಲಿನಕ್ಸಿನಲ್ಲಿ ಯಾವ ಪ್ರೋಗ್ರಾಮೂ ಕೇವಲ ಬಂದು ಸೇರಿದ ಮಾತ್ರಕ್ಕೆ ನಡೆಯುವಂತಿಲ್ಲ. ‘ಇದನ್ನು ನಡೆಸಬಹುದು’ ಎಂಬ ಅನುಮತಿಯ ಗುರುತನ್ನು ಅದರ ಒಡೆಯ ಕೊಟ್ಟಿರಬೇಕು. ಅಂತರ್ಜಾಲದಿಂದ ಇಳಿಸಿಕೊಂಡ ಕಡತಕ್ಕೆ ಆ ಗುರುತು ತಾನಾಗಿ ಬರುವುದಿಲ್ಲ. ಇದು ಯೂನಿಕ್ಸಿನಿಂದ ಬಂದ ಹಳೆಯ ಕಾವಲು. ಆದರೆ ವಿಂಡೋಸಿನ ಪ್ರೋಗ್ರಾಮು ಬಂದಾಗ ಈ ಕಾವಲುಗಾರ ಕಣ್ಣು ಮುಚ್ಚುತ್ತಾನೆ. ಏಕೆಂದರೆ ಲಿನಕ್ಸಿನ ದೃಷ್ಟಿಯಲ್ಲಿ ಅದು ಪ್ರೋಗ್ರಾಮೇ ಅಲ್ಲ! ಛಾಯಾಚಿತ್ರವು ಚಿತ್ರ ತೋರಿಸುವ ಪ್ರೋಗ್ರಾಮಿಗೆ ಹೇಗೋ, ಇಎಕ್ಸ್‌ಇ ಕಡತವು ವೈನ್‌ಗೆ ಹಾಗೆ: ಓದಬೇಕಾದ ಒಂದು ದಾಖಲೆ. ದಾಖಲೆಯನ್ನು ಓದಲು ನಡೆಸುವ ಅನುಮತಿ ಏಕೆ ಬೇಕು? ಹೀಗೆ ಮನೆಯ ಪ್ರೋಗ್ರಾಮಿಗೆ ವಿಧಿಸಿದ ಕಟ್ಟಳೆ ಹೊರಗಿನ ಪ್ರೋಗ್ರಾಮಿಗೆ ಅನ್ವಯಿಸದೆ ಹೋಗುತ್ತದೆ. ಆರಂಭದಲ್ಲಿ ನಾನು ಹೇಳಿದ ‘ತೆರೆ’ ಎಂಬ ಪದದ ಎರಡು ಅರ್ಥಗಳ ಗೊಂದಲ ಇಲ್ಲಿ ಕೇವಲ ಭಾಷೆಯ ಗೊಂದಲವಾಗಿ ಉಳಿಯುವುದಿಲ್ಲ. ಅದು ಗೋಡೆಯಲ್ಲಿನ ಬಿರುಕಾಗುತ್ತದೆ.

ಈ ಬಿರುಕನ್ನು ಕಂಡವರು ಅದನ್ನು ಮುಚ್ಚಲು ಯತ್ನಿಸಿಯೂ ಇದ್ದಾರೆ. 2010ರ ಸುಮಾರಿಗೆ ಉಬುಂಟು ಎಂಬ ಲಿನಕ್ಸ್ ವಿತರಣೆಯು ವೈನ್ ಮತ್ತು ಫೈಲ್ ಮ್ಯಾನೇಜರಿನ ನಡುವೆ ಒಬ್ಬ ಎಚ್ಚರಿಕೆಯ ಪರಿಚಾರಕನನ್ನು ನಿಲ್ಲಿಸಿತ್ತು. ಅನುಮತಿಯ ಗುರುತಿಲ್ಲದ ಇಎಕ್ಸ್‌ಇ ಕಡತವನ್ನು ಒತ್ತಿದರೆ, ‘ಈ ಕಡತಕ್ಕೆ ನಡೆಯುವ ಅನುಮತಿಯಿಲ್ಲ, ನಂಬಲಾಗದ ಕಡೆಯಿಂದ ಬಂದದ್ದಾದರೆ ಇದನ್ನು ನಡೆಸುವುದು ಅಪಾಯಕರವಾಗಬಹುದು’ ಎಂಬ ಅಭಿಪ್ರಾಯದ ಮಾತು ಬರುತ್ತಿತ್ತು. ಬಳಕೆದಾರನು ಕಡತದ ಗುಣಲಕ್ಷಣಗಳ ಪುಟಕ್ಕೆ ಹೋಗಿ ತಾನೇ ಗುರುತು ಹಾಕಬೇಕಾಗಿತ್ತು. ಇದು ಕಿರಿಕಿರಿಯೆಂದು ಹಲವರು ಗೊಣಗಿದರು. ಆ ಗೊಣಗಾಟ ನನಗೆ ಅರ್ಥವಾಗುತ್ತದೆ. ಆದರೂ ಆ ಕಿರಿಕಿರಿಯ ಹೊತ್ತಿನಲ್ಲಿ ಒಂದು ಪ್ರಶ್ನೆ ಇತ್ತು: ಇದನ್ನು ತಂದವರು ಯಾರು? ಆ ಪ್ರಶ್ನೆಯನ್ನು ಕೇಳುವ ಕೊನೆಯ ಅವಕಾಶ ಅದಾಗಿತ್ತು.

ಅದೂ ಪೂರ್ಣವಾದ ಕಾವಲಾಗಿರಲಿಲ್ಲ. ನಮ್ಮಲ್ಲಿ ಕಡತಗಳು ಹೆಚ್ಚಾಗಿ ಕೈಯಿಂದ ಕೈಗೆ ದಾಟುವುದು ಪೆನ್‌ಡ್ರೈವಿನಲ್ಲಿ. ಅವುಗಳಲ್ಲಿ ಬಹುತೇಕವು ಬಳಸುವ ಹಳೆಯ ಡಾಸ್ ಕಾಲದ ಫ್ಯಾಟ್ ಪದ್ಧತಿಯಲ್ಲಿ ಅನುಮತಿಯ ಗುರುತನ್ನು ಬರೆದಿಡಲು ಜಾಗವೇ ಇಲ್ಲ. ಆದುದರಿಂದ ಲಿನಕ್ಸಿನ ಡೆಸ್ಕ್‌ಟಾಪುಗಳು ಅಂಥ ಪೆನ್‌ಡ್ರೈವನ್ನು ಜೋಡಿಸಿಕೊಳ್ಳುವಾಗ ಸಾಮಾನ್ಯವಾಗಿ ಒಂದು ಅಂದಾಜಿನ ನಿಯಮವನ್ನು ಅನುಸರಿಸುತ್ತವೆ: ಇಎಕ್ಸ್‌ಇ ಎಂಬ ಬಾಲವಿದ್ದರೆ ಅನುಮತಿಯುಂಟೆಂದು ತೋರಿಸು, ಇಲ್ಲದಿದ್ದರೆ ಬೇಡ. ಪರಿಣಾಮ ನೋಡಿ: ಯಾವುದನ್ನು ತಡೆದು ವಿಚಾರಿಸಬೇಕಾಗಿತ್ತೋ ಅದಕ್ಕೇ ರಹದಾರಿ ಸಿಕ್ಕಿತು.

ಹೆಸರನ್ನು ನಂಬುವುದರ ಫಲವೇನೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ. ಮೊದಲನೆಯದು ವಿಂಡೋಸಿನ ಲೋಕದ್ದು, ಎಲ್ಲರೂ ಬಲ್ಲದ್ದು. 2000ದ ಮೇ ತಿಂಗಳಲ್ಲಿ ಪ್ರೇಮಪತ್ರದ ಹೆಸರಿನ ಲಗತ್ತೊಂದು ಮಿಂಚಂಚೆಯ ಮೂಲಕ ಜಗತ್ತಿನಾದ್ಯಂತ ಹರಡಿತು. ಅದರ ಹೆಸರು ಎರಡು ಬಾಲಗಳುಳ್ಳದ್ದು. ಮೊದಲಿನದು ಪಠ್ಯದ ಬಾಲ; ಕೊನೆಯದು ‘ವಿಬಿಎಸ್’, ಅಂದರೆ ವಿಬಿಸ್ಕ್ರಿಪ್ಟ್ ಎಂಬ ಭಾಷೆಯ ಆಜ್ಞೆಗಳ ಬಾಲ. ತಿಳಿದ ಜಾತಿಯ ಬಾಲಗಳನ್ನು ಮರೆಮಾಡುವುದು ವಿಂಡೋಸಿನ ರೂಢಿಯಾದ್ದರಿಂದ ನಿಜವಾದ ಬಾಲ ಕಾಣಿಸಲಿಲ್ಲ. ಪತ್ರವೆಂದು ತೆರೆದವರು ಆಜ್ಞೆಗಳನ್ನು ನಡೆಸಿದ್ದರು. ಅದು ಅವರ ಚಿತ್ರಗಳನ್ನೂ ಇತರ ಕಡತಗಳನ್ನೂ ಹಾಳುಗೆಡವಿ, ಅವರ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನ ಪ್ರತಿಯನ್ನು ಕಳಿಸಿಕೊಂಡಿತು. ಸನ್ಯಾಸಿಯ ವೇಷದಲ್ಲಿ ಭಿಕ್ಷೆಗೆ ಬಂದು ನಿಂತ ರಾವಣನ ಕಥೆ ಯುಗಯುಗಕ್ಕೂ ಹೊಸದೇ.

ಎರಡನೆಯ ನಿದರ್ಶನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಅಲ್ಲಿ ಒತ್ತುವುದೂ ಬೇಕಾಗಿರಲಿಲ್ಲ, ನೋಡಿದರೆ ಸಾಕಾಗಿತ್ತು. ಫೈಲ್ ಮ್ಯಾನೇಜರು ಚಿತ್ರಕಡತಗಳ ಬದಿಯಲ್ಲಿ ಅವುಗಳ ಕಿರುಚಿತ್ರವನ್ನು ತೋರಿಸುವುದನ್ನು ತಾವು ಕಂಡಿದ್ದೀರಿ. ವಿಂಡೋಸಿನ ಸ್ಥಾಪಕಗಳಿಗೂ ಹೀಗೆ ಚಂದದ ಕಿರುಚಿತ್ರ ಬರೆದು ಕೊಡುವ ಒಂದು ಸಹಾಯಕ ಪ್ರೋಗ್ರಾಮು ಗ್ನೋಮ್ ಡೆಸ್ಕ್‌ಟಾಪಿಗೆ ಇತ್ತು. ಎಂಎಸ್‌ಐ ಕಡತವಾದರೆ ಅದರ ಆವೃತ್ತಿಯ ಸಂಖ್ಯೆಯನ್ನೂ ಚಿತ್ರದ ಮೇಲೆ ನಮೂದಿಸಬೇಕೆಂಬುದು ಅದನ್ನು ಬರೆದವರ ಸದಾಶಯ. ಆ ಸಂಖ್ಯೆಯನ್ನು ಓದಲು ಅವರು ಒಂದು ಉಪಾಯ ಮಾಡಿದರು. ವಿಬಿಸ್ಕ್ರಿಪ್ಟ್ ಭಾಷೆಯಲ್ಲಿ ಒಂದು ಪುಟ್ಟ ಆಜ್ಞಾಪತ್ರದ ನಮೂನೆ. ಅದರಲ್ಲಿ ಖಾಲಿ ಬಿಟ್ಟ ಜಾಗದಲ್ಲಿ ಕಡತದ ಹೆಸರನ್ನು ತುಂಬುವುದು. ಅದನ್ನು ವೈನ್ ಮೂಲಕ ನಡೆಸಿ ಉತ್ತರ ಪಡೆಯುವುದು.

2017ರ ಜುಲೈ ತಿಂಗಳಲ್ಲಿ ಒಬ್ಬ ಸಂಶೋಧಕರು ಒಂದು ಸರಳವಾದ ಪ್ರಶ್ನೆ ಕೇಳಿದರು. ಕಡತದ ಹೆಸರಿನಲ್ಲೇ ಒಂದು ಉದ್ಧರಣ ಚಿಹ್ನೆಯೂ ಅದರ ಮುಂದೆ ಬೇರೆ ಆಜ್ಞೆಯೂ ಇದ್ದರೆ? ನಮೂನೆಯಲ್ಲಿ ಹೆಸರು ಬರಬೇಕಾದ ಜಾಗ ಆ ಚಿಹ್ನೆಯಲ್ಲಿ ಮುಗಿದು, ಉಳಿದದ್ದು ಆಜ್ಞೆಯಾಗಿ ನಡೆಯುತ್ತದೆ! ಅವರು ಹಾಗೆಯೇ ಮಾಡಿ ತೋರಿಸಿದರು. ಅಂಥ ಹೆಸರಿನ ಎಂಎಸ್‌ಐ ಕಡತವಿರುವ ಫೋಲ್ಡರನ್ನು ಫೈಲ್ ಮ್ಯಾನೇಜರಿನಲ್ಲಿ ತೆರೆದು ನೋಡಿದ ಮಾತ್ರಕ್ಕೆ, ಯಾರೂ ಏನನ್ನೂ ಒತ್ತದೆ, ಅಲ್ಲಿ ಒಂದು ಹೊಸ ಕಡತ ಹುಟ್ಟಿಕೊಂಡಿತು. ಅವರು ನಡೆಸಿದ್ದು ನಿರಪಾಯಕಾರಿಯಾದ ಪ್ರಯೋಗ. ಆದರೆ ಕಡತವನ್ನು ಹುಟ್ಟಿಸಬಲ್ಲ ಆಜ್ಞೆಯ ಜಾಗದಲ್ಲಿ ಅಳಿಸಬಲ್ಲ ಆಜ್ಞೆಯೂ ಇರಬಹುದಿತ್ತು. ವೈನ್ ಎಂದರೆ ದ್ರಾಕ್ಷಾರಸವಷ್ಟೆ; ಆ ದೋಷಕ್ಕೆ ಅವರು ‘ಬ್ಯಾಡ್ ಟೇಸ್ಟ್’, ಕೆಟ್ಟ ರುಚಿ, ಎಂದು ಹೆಸರಿಟ್ಟರು. ಆ ಸಹಾಯಕ ಪ್ರೋಗ್ರಾಮಿನ 0.9.5 ಎಂಬ ಆವೃತ್ತಿಯಲ್ಲಿ ದೋಷ ನಿವಾರಣೆಯಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದ ಗ್ನೋಮ್ 3.26ರಿಂದ, ಕಿರುಚಿತ್ರ ಬರೆಯುವ ಸಹಾಯಕರನ್ನು ಮನೆಯ ಉಳಿದ ಭಾಗ ಕಾಣದಂತೆ ಒಂದು ಕೋಣೆಯಲ್ಲಿ ಕೂರಿಸಿ ಕೆಲಸ ಮಾಡಿಸುವ ಏರ್ಪಾಡೂ ಬಂದಿತು.

ಈ ಪ್ರಸಂಗ ನನ್ನನ್ನು ಬಹುವಾಗಿ ಚಿಂತನೆಗೆ ಹಚ್ಚಿದೆ. ಇಲ್ಲಿ ಯಾರದೂ ದುರುದ್ದೇಶವಿರಲಿಲ್ಲ. ಚಿತ್ರ ಚಂದವಾಗಿರಲಿ, ಬಳಕೆದಾರನಿಗೆ ಅನುಕೂಲವಾಗಲಿ ಎಂಬುದಷ್ಟೇ ಉದ್ದೇಶ. ಆದರೆ ಅನುಕೂಲವೆಂಬುದು ಹೆಜ್ಜೆ ಹೆಜ್ಜೆಗೂ ನಮ್ಮ ಪರವಾಗಿ ಒಪ್ಪಿಗೆ ಕೊಡುತ್ತಾ ಹೋಗುತ್ತದೆ. ಮೊದಲು ಹೆಸರು ಓದಿ ಯೋಚಿಸುತ್ತಿದ್ದೆವು. ಆಮೇಲೆ ಚಿತ್ರ ನೋಡಿ ಒತ್ತಿದೆವು. ಕೊನೆಗೆ, ನೋಡುವುದಕ್ಕೂ ನಡೆಸುವುದಕ್ಕೂ ಇದ್ದ ಗೆರೆಯೇ ಅಳಿಸಿಹೋಯಿತು.

ಒಳಗೆ ಬಂದ ಮೇಲೆ ಈ ಅತಿಥಿ ಹೇಗೆ ವರ್ತಿಸುತ್ತಾನೆ? ವೈನ್ ಅವನಿಗೊಂದು ‘ಸಿ’ ಡ್ರೈವನ್ನು ಕಲ್ಪಿಸಿಕೊಡುತ್ತದೆ. ಅದು ಬಳಕೆದಾರನ ಫೋಲ್ಡರಿನೊಳಗೇ ಇರುವ ಒಂದು ಮರೆಯ ಕೋಣೆ. ಅವನು ಅಲ್ಲಿಯೇ ಇರುತ್ತಾನೆಂದು ಅನೇಕರ ನಂಬಿಕೆ. ಆದರೆ ವೈನ್ ಸಾಮಾನ್ಯವಾಗಿ ‘ಜೆಡ್’ ಎಂಬ ಮತ್ತೊಂದು ಡ್ರೈವನ್ನೂ ತೋರಿಸುತ್ತದೆ. ಅದು ಲಿನಕ್ಸಿನ ಇಡೀ ಕಡತವೃಕ್ಷದ ಬುಡಕ್ಕೆ ತೆರೆದ ಬಾಗಿಲು. ಬಳಕೆದಾರನು ಏನೇನನ್ನು ಓದಬಲ್ಲನೋ, ಬದಲಿಸಬಲ್ಲನೋ, ಅಳಿಸಬಲ್ಲನೋ, ಅದನ್ನೆಲ್ಲ ಆ ಪ್ರೋಗ್ರಾಮೂ ಮಾಡಬಲ್ಲದು. ಜೆಡ್ ಡ್ರೈವನ್ನು ತೆಗೆದುಹಾಕಿದರೂ ಗೋಡೆ ಕಟ್ಟಿದಂತಾಗುವುದಿಲ್ಲ. ವೈನ್ ದುಭಾಷಿಯೇ ಹೊರತು ಕಾವಲುಗಾರನಲ್ಲ. ಅದನ್ನು ಕಟ್ಟಿದವರೂ ಅದನ್ನು ಹಾಗೆ ಭಾವಿಸಬೇಡಿರೆಂದೇ ಹೇಳುತ್ತಾರೆ. ವ್ಯವಸ್ಥಾಪಕನ ಅಧಿಕಾರದಿಂದ ಅದನ್ನು ಎಂದಿಗೂ ನಡೆಸಬಾರದೆಂದೂ ಎಚ್ಚರಿಸುತ್ತಾರೆ.

ಇನ್ನೊಂದು ಸಣ್ಣ ವಿನೋದವೂ ಉಂಟು. ವಿಂಡೋಸಿನ ಸ್ಥಾಪಕಗಳು ‘ಈ ಜಾತಿಯ ಕಡತಗಳನ್ನು ಇನ್ನು ಮುಂದೆ ನಾನೇ ತೆರೆಯುತ್ತೇನೆ’ ಎಂದು ನೋಂದಾಯಿಸಿಕೊಳ್ಳುವುದು ರೂಢಿ. ವೈನ್ ವಿಧೇಯತೆಯಿಂದ ಆ ನೋಂದಣಿಯನ್ನು ಲಿನಕ್ಸಿನ ಡೆಸ್ಕ್‌ಟಾಪಿಗೂ ತಲುಪಿಸುತ್ತದೆ. ಒಂದು ಬೆಳಿಗ್ಗೆ ಸಾಮಾನ್ಯ ಪಠ್ಯಕಡತವನ್ನು ಒತ್ತಿದರೆ ಲಿನಕ್ಸಿನ ಸ್ವಂತ ಸಂಪಾದಕದ ಬದಲು ವೈನ್‌ನ ನೋಟ್‌ಪ್ಯಾಡ್ ಎದುರು ನಿಲ್ಲುತ್ತದೆ. ನೆಂಟ ಬಂದು ಜಗುಲಿಯಲ್ಲಿ ಕುಳಿತದ್ದಲ್ಲದೆ, ಮನೆಗೆ ಬಂದವರನ್ನೂ ತಾನೇ ವಿಚಾರಿಸತೊಡಗಿದಂತೆ!

ವಿಂಡೋಸಿನಲ್ಲಿ ಸ್ಥಾಪಕಗಳಿಗೆ ತಯಾರಕರ ಅಂಕೀಯ ರುಜು ಇರುವುದುಂಟು. ಅಲ್ಲಿನ ವ್ಯವಸ್ಥೆ ಆ ರುಜುವನ್ನು ಓದಿ, ತಯಾರಕರು ತಿಳಿಯದವರಾದರೆ ಬಳಕೆದಾರನನ್ನು ಎಚ್ಚರಿಸುತ್ತದೆ. ಅದೇ ಕಡತ ಲಿನಕ್ಸಿಗೆ ಬಂದಾಗ ರುಜು ಅದರೊಡನೆ ಬರುತ್ತದೆ, ಆದರೆ ಓದುವವರಿಲ್ಲ. ಫೈಲ್ ಮ್ಯಾನೇಜರು ಅದನ್ನು ನೋಡದೆ ವೈನ್‌ಗೆ ದಾಟಿಸುತ್ತದೆ. ಕಾಗದಪತ್ರಗಳು ಸರಿಯಿರುವವನೂ ಇಲ್ಲದವನೂ ಇಲ್ಲಿ ಸಮಾನರು.

ಇಷ್ಟೆಲ್ಲ ತೊಂದರೆಯಿದ್ದರೆ ಹೊರನಾಡ ಕಡತಗಳಿಗೆ ಬಾಗಿಲು ಮುಚ್ಚಿಬಿಡಬಾರದೇಕೆ ಎಂದು ತಾವು ಕೇಳಬಹುದು. ಇಲ್ಲಿಯೇ ಕನ್ನಡದ ಮಾತು ಬರುತ್ತದೆ. ಕನ್ನಡದ ಅಕ್ಷರಗಳಿಗೆ ಯೂನಿಕೋಡ್ ಎಂಬ ವಿಶ್ವಸಂಕೇತದಲ್ಲಿ 1991ರಲ್ಲೇ ಸ್ಥಾನ ಸಿಕ್ಕಿತ್ತು. ಆದರೆ ಅದು ಸಾಮಾನ್ಯ ಬಳಕೆಗೆ ಬರಲು ಬಹಳ ಕಾಲ ಹಿಡಿಯಿತು. ಅಷ್ಟರಲ್ಲಿ ಕನ್ನಡಿಗರು ಸುಮ್ಮನೆ ಕುಳಿತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಿತು. ಇವು ವಿಂಡೋಸಿನ ತಂತ್ರಾಂಶಗಳು. ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸುವ ಅಂದಿನ ಪದ್ಧತಿಯಲ್ಲಿ ಎಷ್ಟೋ ಕಾದಂಬರಿಗಳು, ಸಂಶೋಧನ ಪ್ರಬಂಧಗಳು, ಆಮಂತ್ರಣ ಪತ್ರಿಕೆಗಳು, ಕಚೇರಿಯ ಆದೇಶಗಳು ಬೆರಳಚ್ಚಾದವು. ತಕ್ಕ ಅಕ್ಷರಶೈಲಿಯಿಲ್ಲದ ಕಂಪ್ಯೂಟರಿನಲ್ಲಿ ಅಂಥ ಕಡತವನ್ನು ತೆರೆದರೆ ಕಾಣುವುದು ಕನ್ನಡವಲ್ಲ. ಯುರೋಪಿನ ಸ್ವರಚಿಹ್ನೆಗಳ ಒಂದು ಸಂತೆ. ಬರೆದವರು ಹೋಗಿ, ಬರಹ ಉಳಿದು, ಓದುವ ಕೀಲಿಕೈ ಕಳೆದುಹೋದ ಸ್ಥಿತಿ ಅದು.

ಆ ಕೀಲಿಕೈ ಎಷ್ಟೋ ಸಲ ಯಾವುದೋ ಹಳೆಯ ಸಿ.ಡಿ.ಯಲ್ಲಿರುವ ಸ್ಥಾಪಕವೊಂದರೊಳಗೆ ಇರುತ್ತದೆ. ಸ್ವಾರಸ್ಯವೆಂದರೆ, 1990ರ ದಶಕದ ಅನೇಕ ತಂತ್ರಾಂಶಗಳ ಸ್ಥಾಪಕಗಳು 16 ಬಿಟ್‌ನ ಕಾಲದವು. ವಿಂಡೋಸಿನ 64 ಬಿಟ್ ಆವೃತ್ತಿಗಳು 16 ಬಿಟ್ ಪ್ರೋಗ್ರಾಮುಗಳನ್ನು ನಡೆಸುವುದಿಲ್ಲ. 2021ರಲ್ಲಿ ಬಂದ ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಆದರೆ ಲಿನಕ್ಸಿನ ವೈನ್ ಅಂಥ ಹಲವು ಮುದಿ ಪ್ರೋಗ್ರಾಮುಗಳನ್ನು ಇಂದಿಗೂ ಮಾತನಾಡಿಸಬಲ್ಲದು. ತವರುಮನೆ ಮರೆತ ಮಗಳ ನುಡಿಯನ್ನು ನೆರೆಮನೆ ನೆನಪಿಟ್ಟುಕೊಂಡಿದೆ. ಆದುದರಿಂದ ಬಾಗಿಲು ಮುಚ್ಚುವುದು ನಮಗೆ ತಕ್ಕ ದಾರಿಯಲ್ಲ. ಬಾಗಿಲು ತೆರೆದಿರಬೇಕು, ಆದರೆ ಹೊಸ್ತಿಲಲ್ಲಿ ಒಂದು ಪ್ರಶ್ನೆಯೂ ಇರಬೇಕು.

ಆ ಪ್ರಶ್ನೆಯನ್ನು ಫೈಲ್ ಮ್ಯಾನೇಜರು ನಮ್ಮ ಪರವಾಗಿ ಕೇಳುವುದೆಂದು ನಂಬುವಂತಿಲ್ಲ. ಅದು ಬಲ್ಲದ್ದು ಕಡತದ ಜಾತಿಯನ್ನೇ ಹೊರತು ಅದರ ಮನಸ್ಸನ್ನಲ್ಲ. ಕೇಳಬೇಕಾದವರು ನಾವು. ಕೇಳುವ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೊದಲನೆಯದು, ಈ ಸ್ಥಾಪಕ ನಿಜವಾಗಿ ಬೇಕೇ? ಕನ್ನಡ ಬೆರಳಚ್ಚಿಸುವುದಷ್ಟೇ ಉದ್ದೇಶವಾದರೆ ಬೇಡ; ಕಗಪ ವಿನ್ಯಾಸದ ಕೀಲಿಮಣೆ ಲಿನಕ್ಸಿನಲ್ಲೇ ಇದೆ. ಹಳೆಯ ಕಡತವನ್ನು ಓದುವುದು ಉದ್ದೇಶವಾದರೆ, ಹಳೆಯ ಸಂಕೇತದಿಂದ ಯೂನಿಕೋಡಿಗೆ ಪರಿವರ್ತಿಸುವ ಉಪಕರಣಗಳಿವೆ. ಎರಡನೆಯದು, ನಡೆಸದೆ ಬಿಚ್ಚಬಹುದೇ? ಎಂಎಸ್‌ಐ ಗಂಟನ್ನು ನಡೆಸದೆಯೇ ಒಳಗಿನ ಕಡತಗಳನ್ನು ಹೊರತೆಗೆಯುವ ‘ಎಂಎಸ್‌ಐಟೂಲ್ಸ್’ ಇದೆ. ಇಎಕ್ಸ್‌ಇ ಸ್ಥಾಪಕಗಳಲ್ಲಿ ಅನೇಕವನ್ನು ‘ಸೆವೆನ್‌ಜಿಪ್’ನಂಥ ಪ್ರೋಗ್ರಾಮುಗಳು ಬಿಚ್ಚಿ ತೋರಿಸುತ್ತವೆ. ಬೇಕಾದದ್ದು ಒಂದು ಅಕ್ಷರಶೈಲಿ ಮಾತ್ರವಾದರೆ ಅದನ್ನಷ್ಟೇ ಎತ್ತಿಕೊಂಡು ಗಂಟನ್ನು ಮತ್ತೆ ಕಟ್ಟಿಡಬಹುದು. ಮೂರನೆಯದು, ನಡೆಸಲೇಬೇಕಾದರೆ ಎಲ್ಲಿ? ಪ್ರತ್ಯೇಕ ಬಳಕೆದಾರನ ಹೆಸರಿನಲ್ಲಿ, ಅಥವಾ ಇನ್ನೂ ಉತ್ತಮವಾಗಿ, ಹೊರಗಿನ ಕಡತಗಳು ಕಾಣದ ಕಲ್ಪಿತ ಯಂತ್ರವೊಂದರಲ್ಲಿ. ವೈನ್‌ಗೆ ಪ್ರತಿ ತಂತ್ರಾಂಶಕ್ಕೂ ಬೇರೆ ‘ಸಿ’ ಡ್ರೈವ್ ಕೊಡುವುದು ಅಚ್ಚುಕಟ್ಟಿನ ದೃಷ್ಟಿಯಿಂದ ಒಳ್ಳೆಯದು. ಆದರೆ ಅದನ್ನೇ ರಕ್ಷಣೆಯೆಂದು ಭಾವಿಸಬಾರದು.

ಈ ಸಲಹೆಗಳಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಟ್ಟು, ಎಲ್ಲಿಂದ ಬಂದಿರಿ, ಏನು ಸಮಾಚಾರ ಎಂದು ಕೇಳುವುದು ನಮ್ಮ ಹಿರಿಯರ ರೂಢಿಯಾಗಿತ್ತು. ಆ ಮಾತಿನಲ್ಲಿ ಆದರವೂ ಇತ್ತು, ವಿಚಾರಣೆಯೂ ಇತ್ತು. ನಿಮ್ಮ ಮನೆಯಲ್ಲಿಯೂ ಹಳೆಯ ಸಿ.ಡಿ.ಗಳಲ್ಲಿ, ಪೆನ್‌ಡ್ರೈವುಗಳಲ್ಲಿ, ತಂದೆಯವರೋ ಗುರುಗಳೋ ಬೆರಳಚ್ಚಿಸಿಟ್ಟ ಬರಹಗಳು ಇರಬಹುದು. ಅವುಗಳನ್ನು ಓದಬಲ್ಲ ಉಪಕರಣಗಳು ದೊರೆಯುತ್ತಿರುವಾಗಲೇ ಅವುಗಳನ್ನು ಹೊರತೆಗೆದು ಯೂನಿಕೋಡಿಗೆ ಪರಿವರ್ತಿಸಿ, ಎರಡು ಕಡೆ ಪ್ರತಿ ಮಾಡಿ ಇರಿಸಿಕೊಳ್ಳಿ. ಅದಕ್ಕಾಗಿ ಯಾವುದಾದರೂ ಸ್ಥಾಪಕವನ್ನು ತೆರೆಯಬೇಕಾಗಿ ಬಂದರೆ, ಎರಡನೆಯ ಬಾರಿ ಒತ್ತುವ ಮುನ್ನ ಒಂದು ಕ್ಷಣ ಬೆರಳನ್ನು ತಡೆದು, ಇದನ್ನು ತಂದವರು ಯಾರೆಂದು ಕೇಳಿಕೊಳ್ಳಿ.